ಟಾಲಿಸ್ಕ್ ತಂಡದ ‘ಬಿಯಾಂಡ್’ ಆಲ್ಬಮ್‌ನಲ್ಲಿ ಎಲ್ಲ ಮಟ್ಟುಗಳೂ ಒಂದೇ ಥರ ಕೇಳಿಸುತ್ತವೆ, ಯಾಕೆ?

ನಿಮ್ಮ ಪ್ರಶ್ನೆಯಲ್ಲಿ ಎರಡು ಭಾಗ ಇದೆ. ಕರ್ನಾಟಕ ಪದ್ಧತಿಯಲ್ಲಿ ಪಿಟೀಲು ಕಲಿತ ನೀವು ಸ್ಕಾಟ್ಲೆಂಡಿನ ಟಾಲಿಸ್ಕ್ ತಂಡದ ‘ಬಿಯಾಂಡ್’ ಕೇಳಿದ್ದೀರಿ. ಶುರುವಿನಲ್ಲಿ ಮೈ ಜುಮ್ಮೆಂದಿತು, ಆಮೇಲೆ ಎಲ್ಲ ಒಂದೇ ಅನ್ನಿಸಿತು, ಹಾಗಾದರೆ ಏನನ್ನು ಹಿಡಿದು ಕೇಳಬೇಕು ಅನ್ನುವುದು ಒಂದು. ಇವು ನಿಜಕ್ಕೂ ಹಳೇ ಜನಪದ ಮಟ್ಟುಗಳೇ ಅನ್ನುವುದು ಇನ್ನೊಂದು.

ಎರಡನೆಯದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಹಳೆಯವಲ್ಲ. 2018ರಲ್ಲಿ ಬಂದ ಈ ಆಲ್ಬಮ್‌ನ ಬಹುಪಾಲು ಮಟ್ಟುಗಳನ್ನು ತಂಡದವರೇ ಕಟ್ಟಿದ್ದು. ಆಗ ಇದ್ದ ಮೂವರು: ಕಾನ್ಸರ್ಟೀನಾ (ಕೈಯಲ್ಲಿ ಹಿಡಿದು, ತಿದಿ ಒತ್ತಿ ಎಳೆದು ನುಡಿಸುವ ಸಣ್ಣ ವಾದ್ಯ) ನುಡಿಸುವ ಮೊಹ್ಸೆನ್ ಅಮೀನಿ, ಪಿಟೀಲಿನ ಹೇಲಿ ಕೀನನ್, ಗಿಟಾರಿನ ಗ್ರೇಮ್ ಆರ್ಮ್‌ಸ್ಟ್ರಾಂಗ್. 2015ರಲ್ಲಿ ಬಿಬಿಸಿ ರೇಡಿಯೋ 2ರ ಯುವ ಜನಪದ ಪ್ರಶಸ್ತಿ ಸಿಕ್ಕಿತು, ಮರುವರ್ಷವೇ ‘ಅಬಿಸ್’ ಅನ್ನುವ ಮೊದಲ ಆಲ್ಬಮ್ ತಂದರು. ಆದರೆ ಹೊಸದಾಗಿ ಕಟ್ಟಿದ್ದು ಅಂದಮಾತ್ರಕ್ಕೆ ಸಂಪ್ರದಾಯದ ಹೊರಗಿನದು ಎಂದುಕೊಳ್ಳಬೇಡಿ. ಆ ನಾಡಿನಲ್ಲಿ ಮಟ್ಟು ಕಟ್ಟಿದವರ ಹೆಸರು ಎಷ್ಟೋ ಸಲ ಜನರಿಗೆ ಗೊತ್ತೇ ಇರುತ್ತದೆ. ನೀಲ್ ಗೌ (1727–1807) ಅಥಾಲ್ ಡ್ಯೂಕರ ಆಶ್ರಯದಲ್ಲಿದ್ದ ಪಿಟೀಲುಗಾರ. ವಿಲಿಯಂ ಮಾರ್ಷಲ್ (1748–1833) ಗಾರ್ಡನ್ ಡ್ಯೂಕರ ಮನೆಯ ಪಾರುಪತ್ಯಗಾರ. ಸ್ಕಾಟ್ ಸ್ಕಿನ್ನರ್ (1843–1927) ಗ್ರಾಮಫೋನ್ ಕಾಲದವರೆಗೂ ಬದುಕಿದ್ದರಿಂದ ಅವರ ಕಮಾನಿನ ನಾದವನ್ನು ಇವತ್ತೂ ಕೇಳಬಹುದು. ಇವರು ಕಟ್ಟಿದ್ದೇ ಇವತ್ತು ‘ಹಳೇ ಮಟ್ಟು’. ಯಾರು ಕಟ್ಟಿದರೂ ಚೌಕಟ್ಟು ಮಾತ್ರ ಅದೇ ಇರಬೇಕು.

ಆ ಚೌಕಟ್ಟು ಕಿವಿಗೆ ಸಿಕ್ಕಿದರೆ ನಿಮ್ಮ ಮೊದಲ ಪ್ರಶ್ನೆ ಅರ್ಧ ಬಗೆಹರಿಯುತ್ತದೆ. ಸಾಮಾನ್ಯವಾಗಿ ಒಂದು ಮಟ್ಟಿಗೆ ಎರಡು ಭಾಗ, ಒಂದೊಂದರಲ್ಲಿ 8 ಬಾರ್ (ನಮ್ಮ ತಾಳದ ಆವರ್ತದಂಥ ಅಳತೆ). ಪ್ರತಿ ಭಾಗವನ್ನೂ ಎರಡೆರಡು ಸಲ ನುಡಿಸಿದರೆ 32 ಬಾರ್‌ಗೆ ಒಂದು ಸುತ್ತು. ಎರಡನೇ ಭಾಗ ಹೆಚ್ಚಾಗಿ ಮೇಲಿನ ಸ್ಥಾಯಿಗೆ ಏರುತ್ತದೆ, ನಮ್ಮ ಅನುಪಲ್ಲವಿ ಏರುವ ಹಾಗೆಯೇ. ಕುಣಿತದ ಮಟ್ಟುಗಳಲ್ಲಿ ರೀಲ್ ಎಂಬುದಕ್ಕೆ ನಾಲ್ಕರ ಎಣಿಕೆಯ ಚತುರಶ್ರ ನಡೆ, ಜಿಗ್ ಎಂಬುದಕ್ಕೆ ಮೂರರ ಎಣಿಕೆಯ ತಿಶ್ರ ನಡೆ. ರೀಲ್‌ನ ವೇಗದಲ್ಲಿ ಒಂದು ಸುತ್ತು ಸುಮಾರು ಅರ್ಧ ನಿಮಿಷದಲ್ಲಿ ಮುಗಿದುಹೋಗುತ್ತದೆ. ಹಾಗಾಗಿ ಒಂದೇ ಮಟ್ಟನ್ನು ಎರಡೋ ಮೂರೋ ಸುತ್ತು ನುಡಿಸಿ, ನಿಲ್ಲಿಸದೆ ಮುಂದಿನದಕ್ಕೆ ಹಾರುತ್ತಾರೆ. ಇಂಥ ಸರಣಿಗೆ ಅವರು ‘ಸೆಟ್’ ಎನ್ನುತ್ತಾರೆ.

ರಾಗ ಕೇಳಿ ಪಳಗಿದ ನಮ್ಮ ಕಿವಿ ಎಡವುವುದು ಇಲ್ಲಿಯೇ. ಪಲ್ಲವಿ ಹಿಡಿದ ಮೇಲೆ ಸಂಗತಿ ಬರಲಿ, ನೆರವಲ್ ಬರಲಿ, ಕಲ್ಪನಾಸ್ವರ ಬರಲಿ, ಅಂದರೆ ಹಾಡು ಬೆಳೆಯುತ್ತ ಹೋಗಲಿ ಎಂದು ಕಾಯುತ್ತೇವೆ. ಬರುವುದಿಲ್ಲ. ಎರಡನೇ ಸುತ್ತಿನಲ್ಲಿ ಒಂದು ಸಣ್ಣ ಅಲಂಕಾರ ಬದಲಾಗಬಹುದು, ಅಷ್ಟೇ. ಇಲ್ಲಿ ನಿಜವಾದ ಘಟನೆ ಅಂದರೆ ಒಂದು ಮಟ್ಟಿನಿಂದ ಇನ್ನೊಂದಕ್ಕೆ ದಾಟುವ ಗಳಿಗೆ. ಆಗ ಎಷ್ಟೋ ಸಲ ಆಧಾರ ಷಡ್ಜವೇ ಕದಲುತ್ತದೆ. ನಮ್ಮ ಕಛೇರಿಯಲ್ಲಿ ತಂಬೂರಿ ಶ್ರುತಿ ಕೊನೆಯವರೆಗೂ ಅಲ್ಲಾಡುವುದಿಲ್ಲ. ಅಲ್ಲಿ ನಡೆ ಹಾಗೇ ಓಡುತ್ತಿರುವಾಗ ನೆಲ ಮಾತ್ರ ಇದ್ದಕ್ಕಿದ್ದಂತೆ ಮೇಲೇರುತ್ತದೆ, ಕೇಳುವವರ ಮೈ ನೆಟ್ಟಗಾಗುತ್ತದೆ.

ಎಡಿನ್‌ಬರೋದ ಸ್ಯಾಂಡಿ ಬೆಲ್ಸ್ ಅನ್ನುವ ಪಬ್ಬಿನಲ್ಲಿ ಇದನ್ನು ಹತ್ತಿರದಿಂದ ನೋಡಿದ್ದೇನೆ. ಮೂಲೆಯ ಮೇಜಿನ ಸುತ್ತ ನಾಲ್ಕೈದು ಜನ, ಮುಂದೆ ಬಿಯರ್ ಲೋಟಗಳು, ಸ್ವರಲಿಪಿಯ ಹಾಳೆ ಯಾರ ಮುಂದೆಯೂ ಇಲ್ಲ. ಸುತ್ತಿನ ಕೊನೆ ಬರುತ್ತಿದ್ದಂತೆ ಮುಂದಾಳು ಪಿಟೀಲಿನಿಂದ ಕತ್ತೆತ್ತಿ ಉಳಿದವರ ಕಣ್ಣು ನೋಡಿದಳು. ಮರುಕ್ಷಣ ಎಲ್ಲರೂ ಹೊಸ ಮಟ್ಟಿಗೆ ದಾಟಿದ್ದರು. ಗಿಟಾರಿನವನು ಮಾತ್ರ ಒಂದು ಬಾರ್ ಕಾದು, ಕಿವಿಗೊಟ್ಟು, ಆಮೇಲೆ ಸರಿಯಾದ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹಿಡಿದ. ‘ಬಿಯಾಂಡ್’ ಕೇಳುವಾಗ ಈ ದಾಟುವಿಕೆಗೇ ಕಾಯಿರಿ. ಟಾಲಿಸ್ಕ್ ಅದನ್ನು ಪಬ್ಬಿನವರಿಗಿಂತ ಹೆಚ್ಚು ಲೆಕ್ಕ ಹಾಕಿ ಜೋಡಿಸುತ್ತಾರೆ. ಗಿಟಾರ್ ನಿಂತು, ಕಾನ್ಸರ್ಟೀನಾ ಒಂದೇ ತುಣುಕನ್ನು ಮತ್ತೆ ಮತ್ತೆ ಹೇಳಿ ಕಾವೇರಿಸಿ, ಮೂವರೂ ಒಟ್ಟಿಗೆ ಬೀಳುತ್ತಾರೆ.

ರಾಗದ ದಾರಿಯಿಂದಲೂ ಒಳಗೆ ಹೋಗಬಹುದು. ನನಗೆ ಅತ್ಯಂತ ಸೋಜಿಗ ಕೊಟ್ಟಿದ್ದು ಇದೇ. ಹೈಲ್ಯಾಂಡ್ ಬ್ಯಾಗ್‌ಪೈಪ್‌ಗೆ ಇರುವುದು 9 ಸ್ವರ, ಹಿಂದೆ ನಿಲ್ಲದ ಶ್ರುತಿ. ಆ ಶ್ರುತಿಯನ್ನು ಷಡ್ಜ ಮಾಡಿಕೊಂಡರೆ ಸ್ವರಗಳು ಹರಿಕಾಂಭೋಜಿ ರಾಗಕ್ಕೆ ಹೊಂದುತ್ತವೆ. ಎಷ್ಟೋ ಪೈಪ್ ಮಟ್ಟುಗಳು ಅದರಲ್ಲಿ 5 ಸ್ವರ ಮಾತ್ರ ಆರಿಸಿಕೊಳ್ಳುತ್ತವೆ. ಯಾವ ಐದು ಎಂಬುದರ ಮೇಲೆ ಒಂದು ಮೋಹನದ ಹಾಗೆ, ಇನ್ನೊಂದು ಮಧ್ಯಮಾವತಿಯ ಹಾಗೆ, ಮತ್ತೊಂದು ಶುದ್ಧ ಸಾವೇರಿಯ ಹಾಗೆ ಕೇಳಿಸುತ್ತದೆ. ಷಡ್ಜದ ಸುತ್ತ ಒಂದು ತುಣುಕು ನುಡಿಸಿ, ಅದೇ ಆಕಾರವನ್ನು ಒಂದು ಮೆಟ್ಟಿಲು ಕೆಳಗೆ, ಕೈಶಿಕಿ ನಿಷಾದದ ಮೇಲೆ ಇಟ್ಟು, ಮತ್ತೆ ಷಡ್ಜಕ್ಕೆ ಏರುವುದು ಸ್ಕಾಟಿಷ್ ಮಟ್ಟುಗಳ ಗುರುತು. ಟಾಲಿಸ್ಕ್‌ನಲ್ಲಿ ಬ್ಯಾಗ್‌ಪೈಪ್ ಇಲ್ಲ, ಆದರೂ ಈ ಗುಣ ಆ ನಾಡಿನ ಪಿಟೀಲಿಗೂ ಇಳಿದಿದೆ. ಪೈಪ್‌ನಲ್ಲಿ ಗಾಳಿ ತಡೆಯಲಾಗದು. ಒಂದೇ ಸ್ವರವನ್ನು ಎರಡು ಸಲ ನುಡಿಸಬೇಕಾದರೆ ನಡುವೆ ಬೇರೊಂದು ಸ್ವರವನ್ನು ಮಿಂಚಿನಂತೆ ತಾಗಿಸಿ ಕತ್ತರಿಸಲೇಬೇಕು. ಪಿಟೀಲಿನವರೂ ಹಾಗೇ ಕತ್ತರಿಸುತ್ತಾರೆ.

ಕಾನ್ಸರ್ಟೀನಾ ಬಗ್ಗೆ ಎರಡು ಮಾತು. ಇದರ ಇಂಗ್ಲಿಷ್ ಬಗೆಯನ್ನು ರೂಪಿಸಿ 1844ರಲ್ಲಿ ಪೇಟೆಂಟ್ ಪಡೆದ ಚಾರ್ಲ್ಸ್ ವೀಟ್‌ಸ್ಟೋನ್, ಪಿಯುಸಿ ಭೌತಶಾಸ್ತ್ರದಲ್ಲಿ ನಾವೆಲ್ಲ ಓದಿದ ‘ವೀಟ್‌ಸ್ಟೋನ್ ಬ್ರಿಜ್’ನ ಅದೇ ವ್ಯಕ್ತಿ. ಅಮೀನಿ ನುಡಿಸುವುದು ಆಂಗ್ಲೋ ಬಗೆ. ಹಾರ್ಮೋನಿಯಂನಂತೆ ಇದರಲ್ಲೂ ಲೋಹದ ರೀಡುಗಳೇ ಇವೆ, ಆದರೆ ಒಂದೇ ಗುಂಡಿ ತಿದಿ ಒತ್ತಿದಾಗ ಒಂದು ಸ್ವರ, ಎಳೆದಾಗ ಇನ್ನೊಂದು ಸ್ವರ ಕೊಡುತ್ತದೆ. ಹಾಗಾಗಿ ಮಟ್ಟು ಓಡುತ್ತಿರುವಷ್ಟು ಹೊತ್ತೂ ತಿದಿ ದಿಕ್ಕು ಬದಲಿಸುತ್ತಲೇ ಇರಬೇಕು, ಪ್ರತಿ ತಿರುವಿನಲ್ಲೂ ತಾನಾಗಿಯೇ ಒಂದು ಒತ್ತು ಬೀಳುತ್ತದೆ. ನಿಮ್ಮ ಮೈ ಜುಮ್ಮೆಂದಿದ್ದು ಆ ಒತ್ತುಗಳಿಂದ ಎಂದು ನನ್ನ ನಂಬಿಕೆ. ಈ ವಾದ್ಯದ ನಂಟು ಐರ್ಲೆಂಡಿನ ಸಂಗೀತಕ್ಕೇ ಹೆಚ್ಚು. ಗ್ಲಾಸ್ಗೋದಲ್ಲಿ ಐರಿಷ್ ವಲಸಿಗರ ಮನೆತನಗಳು ತಲೆಮಾರುಗಳಿಂದ ಇವೆ, ಎರಡೂ ನಾಡಿನ ಸಂಗೀತ ಅಲ್ಲಿ ಬೆರೆತಿದೆ. ಈ ತಂಡ ಆ ಊರಿನದೇ.

ಒಂದು ದೂರು ನನಗೂ ಇದೆ. ಟಾಲಿಸ್ಕ್‌ನವರಿಗೆ ವೇಗದ ಮೇಲೆ ಮೋಹ ಹೆಚ್ಚು. ಒಂದೇ ಉಸಿರಿಗೆ ಇಡೀ ಆಲ್ಬಮ್ ಕೇಳಿದರೆ ಯಾರಿಗಾದರೂ ದಣಿವಾಗುತ್ತದೆ, ಅದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ದಿನಕ್ಕೊಂದು ಟ್ರ್ಯಾಕ್ ಸಾಕು. ಒಮ್ಮೆ ಗಿಟಾರನ್ನು ಮಾತ್ರ ಹಿಂಬಾಲಿಸಿ, ಇನ್ನೊಮ್ಮೆ ಕೀನನ್ ಅವರ ಪಿಟೀಲನ್ನು.

ನುಡಿಸಿ ನೋಡುವ ಆಸೆ ಇದ್ದರೆ ರೀಲ್‌ನಿಂದ ಶುರು ಮಾಡಬೇಡಿ, ಸ್ಟ್ರಾತ್‌ಸ್ಪೇಯಿಂದ ಮಾಡಿ. ಸ್ಪೇ ನದಿಯ ಕಣಿವೆಯ ಈ ಕುಣಿತದ ಮಟ್ಟು ರೀಲ್‌ಗಿಂತ ನಿಧಾನ. ಗಿಡ್ಡ ಸ್ವರ ಮೊದಲು ಬಂದು ಉದ್ದದ್ದು ಹಿಂದೆ ಬರುವ ಅದರ ಜಿಗಿತವನ್ನು ಕಮಾನಿನಲ್ಲಿ ತರುವುದೇ ಕಷ್ಟ, ಅದು ಬಂದರೆ ಉಳಿದದ್ದು ಬರುತ್ತದೆ. ಗಮಕವನ್ನು ಪೂರ್ತಿ ಬಿಡಬೇಕು. ದೀಕ್ಷಿತರ ನೊಟ್ಟುಸ್ವರಗಳನ್ನು ಕಲಿತಿದ್ದರೆ ನಿಮಗೆ ಇದು ಸುಲಭ. ಅವು ಪಾಶ್ಚಾತ್ಯ ಮಟ್ಟುಗಳಿಗೆ ಹಾಕಿದ ಸಾಹಿತ್ಯವಾದ್ದರಿಂದ ಸ್ವರವನ್ನು ಅಲುಗಾಡಿಸದೆ ನಿಲ್ಲಿಸುವುದು ಅಲ್ಲೇ ಅಭ್ಯಾಸ ಆಗಿರುತ್ತದೆ. ತಂತಿಗಳನ್ನು ಮಾತ್ರ ಸ-ಪ-ಸ-ಪ ಬಿಟ್ಟು ಒಂದಕ್ಕೊಂದು ಪಂಚಮದ ಅಂತರಕ್ಕೆ, ಅಂದರೆ ಜಿ-ಡಿ-ಎ-ಇಗೆ ತಿರುಗಿಸಿಕೊಳ್ಳಿ. ಮನೆಯಲ್ಲಿ ಎರಡನೇ ಪಿಟೀಲು ಇದೆಯಾ? ಇದ್ದರೆ ತಿಳಿಸಿ, ನೀಲ್ ಗೌ ಮತ್ತು ಮಾರ್ಷಲ್ ಅವರ ಮಟ್ಟುಗಳಲ್ಲಿ ಮೊದಲು ಯಾವುದಕ್ಕೆ ಕೈ ಹಾಕಬಹುದು ಎಂದು ಬರೆಯುತ್ತೇನೆ.