ನನಗೆ ತುಂಬಾ ಇಷ್ಟವಾದ ವಿರಹದ ಹಾಡೊಂದನ್ನು ಸಂಗೀತದ ಕಡೆಯಿಂದ ಅರ್ಥ ಮಾಡಿಕೊಳ್ಳಬೇಕು. ಮೊದಲು ಅದರ ರಾಗ ಹುಡುಕಬೇಕಾ?

ಬೇಡ. ಮೊದಲು ತೊಡೆ ಮೇಲೆ ತಾಳ ಹಾಕಿ. ನಾನೂ ನಿಮ್ಮ ಹಾಗೆ ದುಃಖವೆಲ್ಲ ಸ್ವರದಲ್ಲೇ ಇರುತ್ತೆ ಅಂತ ನಂಬಿದ್ದವನು. ಅದರಿಂದ ಒಂದು ಹಾಡು ಕೆಟ್ಟಿತು, ಒಬ್ಬ ಗೆಳತಿ ದೂರವಾದಳು.

ಆ ಹಾಡು ಇಂಗ್ಲೆಂಡಿನ ಬೀಟಲ್ಸ್ ತಂಡದ 'ಯೆಸ್ಟರ್‌ಡೇ', 1965ರದ್ದು. ತಂಡದವರಲ್ಲಿ ಪಾಲ್ ಮೆಕಾರ್ಟ್ನಿ ಒಬ್ಬರೇ ಅದರಲ್ಲಿದ್ದಾರೆ. ಅವರ ದನಿ, ಗಿಟಾರು, ಜೊತೆಗೆ ಎರಡು ಪಿಟೀಲು, ಪಿಟೀಲಿಗಿಂತ ದೊಡ್ಡದಾದ ಒಂದು ವಿಯೋಲಾ, ಅದಕ್ಕೂ ದೊಡ್ಡದಾದ ಒಂದು ಚೆಲ್ಲೊ. ಡ್ರಮ್ಸ್ ಇಲ್ಲ. ಕಾರಣ ಹೇಳದೆ ಬಿಟ್ಟುಹೋದವಳ ಬಗ್ಗೆ ಎರಡು ನಿಮಿಷದ ಹಾಡು.

ಕಾಲೇಜಿನ ವಾರ್ಷಿಕೋತ್ಸವಕ್ಕೆ ಅದನ್ನು ಆರಿಸಿದ್ದು ಹಾಡುವ ಗೆಳತಿಯೇ. ಅವಳ ಪ್ರೀತಿ ಆಗಷ್ಟೇ ಮುರಿದಿತ್ತು. ನಾನು ಪಿಟೀಲು ಕಲಿತವನು, ಹಾಗಾಗಿ ಎಲ್ಲರನ್ನೂ ಕೂರಿಸಿ ಅಭ್ಯಾಸ ಮಾಡಿಸುವ ಕೆಲಸ ನನ್ನದು.

ಸ್ವರ ಹಾಕಿ ನೋಡಿದೆ. ಮೊದಲ ಪದವೇ 'ರಿ ಸ ಸ', ನಿಟ್ಟುಸಿರಿನ ಹಾಗೆ ಜಾರುತ್ತೆ. ಆಮೇಲೆ ಗಾಂಧಾರದಿಂದ ಪ್ರತಿಮಧ್ಯಮಕ್ಕೆ (ಮೇಲಿನ 'ಮ') ಏರಿ, ಪಂಚಮ ಬಿಟ್ಟು, ಶುದ್ಧ ಧೈವತ ಮತ್ತು ಚತುಶ್ರುತಿ ಧೈವತ, ಅಂದರೆ 'ಧ'ದ ಕೆಳಗಿನ ಮತ್ತು ಮೇಲಿನ ರೂಪ, ಎರಡನ್ನೂ ಒಂದರ ಹಿಂದೆ ಒಂದು ಮುಟ್ಟಿ, ಮೇಲಿನ ಷಡ್ಜಕ್ಕೆ ಹೋಗುತ್ತೆ. ಅಲ್ಲಿ ನಿಲ್ಲೋಕಾಗದೆ ಧೈವತಕ್ಕೆ ಇಳಿದು ಕೂರುತ್ತೆ. ಕರ್ನಾಟಕ ಸಂಗೀತದ ಯಾವ ಮೇಳಕ್ಕೂ (ಮೂಲ ರಾಗಕ್ಕೂ) ಸೇರದ ಏರಿಕೆ ಅದು. ಹಾಡಿನ ಗುಟ್ಟು ಸಿಕ್ಕೇಬಿಟ್ಟಿತು ಅಂದುಕೊಂಡೆ.

ತಪ್ಪು ಮಾಡಿದ್ದು ತಾಳದಲ್ಲಿ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪಾಶ್ಚಾತ್ಯ ಸಂಗೀತದಲ್ಲಿ ತಾಳವನ್ನು 'ಬಾರ್' ಅನ್ನುವ ಸಣ್ಣ ತುಂಡುಗಳಲ್ಲಿ ಎಣಿಸುತ್ತಾರೆ. ಸಾಮಾನ್ಯವಾಗಿ ಇಂಥ ಹಾಡುಗಳ ಚರಣ 8 ಬಾರ್ ಇರುತ್ತೆ. ಬಾರಿಗೆ 4 ಎಣಿಕೆ, ಒಟ್ಟು 32. 8 ಎಣಿಕೆಯ ಆದಿ ತಾಳದಲ್ಲಿ ಸರಿಯಾಗಿ ನಾಲ್ಕು ಆವರ್ತ (ಸುತ್ತು). 'ಯೆಸ್ಟರ್‌ಡೇ' ಚರಣ ಇರುವುದು 7 ಬಾರ್, ಅಂದರೆ 28 ಎಣಿಕೆ, ಮೂರೂವರೆ ಆವರ್ತ. ಮುಂದಿನ ಚರಣ ಸಮಕ್ಕೆ, ಅಂದರೆ ಸುತ್ತಿನ ಮೊದಲ ಎಣಿಕೆಗೆ, ಬರೋದೇ ಇಲ್ಲ; ಸುತ್ತಿನ ನಡುವೆ, 4 ಎಣಿಕೆಯ ಲಘು ಮುಗಿದು ದ್ರುತ ಶುರುವಾಗುವಲ್ಲಿ ಬಂದು ಬೀಳುತ್ತೆ. ನನಗೆ ಇದು ಕೊರತೆಯಾಗಿ ಕಂಡಿತು. ಪ್ರತಿ ಚರಣದ ಕೊನೆಗೆ 4 ಎಣಿಕೆ ಸೇರಿಸಿ, ಆ ಜಾಗದಲ್ಲಿ ಪಿಟೀಲಿನ ಒಂದು ತುಣುಕು ತುಂಬಿದೆ. ಲೆಕ್ಕ ಕೂತಿತು. "ಅಲ್ಲಿ ಕಾಯೋಕಾಗ್ತಿಲ್ಲ ಕಣೋ," ಅಂತ ಅವಳು ಮೂರು ಸಲ ಹೇಳಿದಳು. "ತಾಳ ತಪ್ಪುತ್ತೆ, ಕಾಯಿ," ಅಂದೆ. ಹಾಡಿನ ನಡುಭಾಗ, ಬಿಟ್ಟುಹೋದವಳು ಯಾಕೆ ಹೋದಳು ಅಂತ ಕೇಳುವ ಕಡೆ, ಸರಿಯಾಗಿ 8 ಬಾರ್ ಇದೆ. ಅದನ್ನು ನೋಡಿಯಾದರೂ ನನಗೆ ಗೊತ್ತಾಗಬೇಕಿತ್ತು. ಎಂಟು ಕಟ್ಟಲು ಬರದವರು ಕಟ್ಟಿದ ಏಳಲ್ಲ ಅದು.

ವೇದಿಕೆ ಮೇಲೆ ಅವಳು ಕಣ್ಣು ಮುಚ್ಚಿ ಹಾಡಿದಳು. 28 ಮುಗಿದ ಕೂಡಲೇ ಎರಡನೇ ಚರಣ ಎತ್ತಿಕೊಂಡಳು. ನಾವಿನ್ನೂ ನಾನು ತುಂಬಿದ ತುಣುಕಿನಲ್ಲಿದ್ದೆವು. ಅವಳ ಷಡ್ಜದ ಮೇಲೆ ನನ್ನ ಪಿಟೀಲು ಬೇರೆಯೇ ಏನೋ ನುಡಿಯುತ್ತಿತ್ತು. ಅವಳು ಕಣ್ಣು ಬಿಟ್ಟು ನನ್ನ ಕಡೆ ನೋಡಿದಳು, ಮೈಕನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಇಳಿದುಹೋದಳು. ಆಮೇಲೆ ನಮ್ಮ ಜೊತೆ ಹಾಡಲೇ ಇಲ್ಲ.

ಮನಸ್ಸು ಮುರಿದವರಿಗೆ ಉಸಿರು ತೆಗೆದುಕೊಳ್ಳೋಕೂ ಪುರುಸೊತ್ತಿಲ್ಲದೆ ಅದೇ ನೆನಪು ಮತ್ತೆ ಬರುತ್ತೆ, ಅಲ್ವಾ? ಆ ಎಂಟನೇ ಬಾರ್ ಇಲ್ಲದಿರುವುದು ನನಗೆ ಈಗ ಹಾಗೆ ಕೇಳಿಸುತ್ತೆ. ಅವಳಿಗೆ ಅದು ಆಗಲೇ ಕೇಳಿಸಿತ್ತು. ನಾನು ಅಲ್ಲಿ ಕುರ್ಚಿ ಹಾಕಿ ಕೂರಿಸಲು ಹೋದೆ.

ದುಃಖಕ್ಕೆ ಇಂಥ ರಾಗ ಅನ್ನುವ ಪಟ್ಟಿ ಇಟ್ಟುಕೊಂಡು ಹುಡುಕಬೇಡಿ. ಈ ಹಾಡು ಶುರುವಾಗೋದೇ ಮೇಜರ್ ಸ್ಕೇಲಿನಲ್ಲಿ, ಪಾಶ್ಚಾತ್ಯರು ಸಾಮಾನ್ಯವಾಗಿ ಖುಷಿಯದ್ದು ಅನ್ನುವ ಸ್ವರಸಾಲಿನಲ್ಲಿ. ನಿಮ್ಮ ಹಾಡು ಯಾವುದು ಅಂತ ನೀವು ಬರೆದಿಲ್ಲ. ಯಾವುದೇ ಇರಲಿ, ಇವತ್ತು ರಾತ್ರಿ ಸುಮ್ನೆ ಕೂತು ಎಣಿಸಿ. ಕೈ ಒಂದು ಕಡೆ, ಹಾಡು ಇನ್ನೊಂದು ಕಡೆ ಹೋಗುವ ಜಾಗ ಸಿಕ್ಕರೆ ಅಲ್ಲಿಂದ ಮತ್ತೆ ಕೇಳಿ. ಯಾರೋ ಹಾಡುವವರು "ಇಲ್ಲಿ ಕಾಯೋಕಾಗ್ತಿಲ್ಲ" ಅಂದರೆ ಅವರನ್ನು ತಿದ್ದಬೇಡಿ.