ಏಳು ಚಿಕ್ಕ ಕೂಗು, ಒಂದು ಉದ್ದನೆಯ ಕೂಗು

ಕ್ರೂಸ್ ಹಡಗುಗಳ ಸುರಕ್ಷತೆಯ ಬಗ್ಗೆ ಓದುಗರು ಕಳುಹಿಸಿದ ಪ್ರಶ್ನೆಗಳಲ್ಲಿ ಐದನ್ನು ಈ ಸಲದ ಅಂಕಣಕ್ಕೆ ಆಯ್ದುಕೊಂಡಿದ್ದೇನೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿದ್ದೇನೆ.

ಪ್ರಶ್ನೆ: ವಯಸ್ಸಾದ ತಂದೆತಾಯಿಯರನ್ನು ಕರೆದುಕೊಂಡು ಮೊದಲ ಬಾರಿಗೆ ಕ್ರೂಸ್ ಪ್ರಯಾಣ ಹೊರಟಿದ್ದೇವೆ. ಮೊದಲ ದಿನದ ಸುರಕ್ಷತಾ ಕವಾಯತು ಬರೀ ಶಾಸ್ತ್ರಕ್ಕೆ, ಕ್ಯಾಬಿನ್‌ನಲ್ಲೇ ಉಳಿದುಬಿಟ್ಟರೂ ನಡೆಯುತ್ತದೆ ಎಂದು ಹೋಗಿಬಂದ ಸ್ನೇಹಿತರು ಹೇಳುತ್ತಾರೆ. ಅಮ್ಮನಿಗೆ ಮಂಡಿನೋವು. ಕವಾಯತಿನಿಂದ ವಿನಾಯಿತಿ ಪಡೆಯಬಹುದೇ?

ಉತ್ತರ: ವಿನಾಯಿತಿ ಇಲ್ಲ, ಇರಲೂಬಾರದು. ಹಟ ಹಿಡಿದು ಕವಾಯತಿಗೆ ಬಾರದವರನ್ನು ಬಂದರಿನಲ್ಲೇ ಇಳಿಸುವ ಅಧಿಕಾರ ಕ್ಯಾಪ್ಟನ್‌ಗೆ ಇದೆ. ಆದರೆ ಆ ಅಂಜಿಕೆಗಿಂತ ಮುಖ್ಯವಾದ ಕಾರಣವೊಂದಿದೆ.

2012ರ ಜನವರಿ 13ರ ರಾತ್ರಿ ಇಟಲಿಯ ಜಿಲಿಯೊ ದ್ವೀಪದ ಬಳಿ ಕೋಸ್ಟಾ ಕಾಂಕಾರ್ಡಿಯಾ ಎಂಬ ಕ್ರೂಸ್ ಹಡಗು ಬಂಡೆಗೆ ಬಡಿದಾಗ ಹಡಗಿನಲ್ಲಿ 4,200ಕ್ಕೂ ಹೆಚ್ಚು ಜನರಿದ್ದರು; 32 ಮಂದಿ ಸತ್ತರು. ಹಡಗಿನಲ್ಲಿದ್ದವರ ಪೈಕಿ ಸುಮಾರು 700 ಪ್ರಯಾಣಿಕರು ಅದೇ ಸಂಜೆ ಚಿವಿತಾವೆಕ್ಕಿಯಾ ಬಂದರಿನಲ್ಲಿ ಹತ್ತಿದ್ದವರು. ಹಡಗು ಹತ್ತಿದ 24 ಗಂಟೆಗಳೊಳಗೆ ಕವಾಯತು ನಡೆಸಿದರೆ ಸಾಕು ಎಂಬ ಅಂದಿನ ನಿಯಮದ ಪ್ರಕಾರ ಅವರ ಸರದಿ ಮರುದಿನಕ್ಕಿತ್ತು. ಕಾನೂನು ಮುರಿದಿರಲಿಲ್ಲ, ಆದರೆ ಬಂಡೆ ಮರುದಿನದವರೆಗೆ ಕಾಯಲಿಲ್ಲ. ಹಡಗು ಬಡಿದದ್ದು ರಾತ್ರಿ 9.45ರ ಹೊತ್ತಿಗೆ, ಹಡಗು ತೊರೆಯುವ ಆದೇಶ ಬಂದದ್ದು ಒಂದು ಗಂಟೆಗೂ ಹೆಚ್ಚು ಸಮಯದ ಬಳಿಕ. ಆ ನಡುವೆ ವಿದ್ಯುತ್ತಿನ ತೊಂದರೆಯಷ್ಟೇ ಎಂದು ಜನರಿಗೆ ಹೇಳಲಾಯಿತು, ಕೆಲವರಿಗೆ ಕ್ಯಾಬಿನ್‌ಗೆ ಮರಳುವಂತೆಯೂ ಸೂಚಿಸಲಾಯಿತು. ಹಡಗು ವಾಲಿದಂತೆಲ್ಲ ಒಂದು ಪಕ್ಕದ ಲೈಫ್‌ಬೋಟ್‌ಗಳನ್ನು ಇಳಿಸುವುದೇ ದುಸ್ತರವಾಯಿತು. ಪ್ರಯಾಣಿಕರು ಇನ್ನೂ ಹಡಗಿನಲ್ಲಿರುವಾಗಲೇ ತಾನು ಹೊರಬಿದ್ದ ಕ್ಯಾಪ್ಟನ್‌ಗೆ ನ್ಯಾಯಾಲಯ 16 ವರ್ಷಗಳ ಸೆರೆಮನೆ ವಿಧಿಸಿತು. ತಪ್ಪು ಯಾರದೆಂಬ ಬಗ್ಗೆ ನನಗೆ ಗೊಂದಲವಿಲ್ಲ. ಆದರೂ, ಮೇಲಿನವರು ಎಡವಿದ ಆ ಒಂದು ಗಂಟೆಯಲ್ಲಿ ತಾನು ಹೋಗಿ ನಿಲ್ಲಬೇಕಾದ ಜಾಗ ಯಾವುದೆಂದು ಗೊತ್ತಿದ್ದವನಿಗೂ ಗೊತ್ತಿಲ್ಲದವನಿಗೂ ಇದ್ದ ಅಂತರ ಸಣ್ಣದಲ್ಲ. ಅಂತಾರಾಷ್ಟ್ರೀಯ ಸಾಗರ ಸುರಕ್ಷತಾ ಒಪ್ಪಂದವಾದ ಸೋಲಾಸ್‌ಗೆ ಇದಾದ ಮೇಲೆ ತಿದ್ದುಪಡಿಯಾಗಿ, 2015ರ ಜನವರಿ 1ರಿಂದ ಹಡಗು ಹೊರಡುವ ಮೊದಲೇ ಅಥವಾ ಹೊರಟ ಕೂಡಲೇ ಕವಾಯತು ಕಡ್ಡಾಯವಾಗಿದೆ.

ಹೆಚ್ಚಿನ ಪ್ರಯಾಣಿಕರ ಗಮನಕ್ಕೆ ಬಾರದ ಇನ್ನೊಂದು ಸಂಗತಿಯಿದೆ. ಹಡಗು ತೊರೆಯುವ ಆದೇಶ ಹೊರಟ 30 ನಿಮಿಷಗಳೊಳಗೆ ಎಲ್ಲ ಲೈಫ್‌ಬೋಟ್‌ಗಳನ್ನೂ ಜನರನ್ನು ತುಂಬಿ ನೀರಿಗಿಳಿಸುವಂತಿರಬೇಕು ಎಂದು ಸೋಲಾಸ್ ಹೇಳುತ್ತದೆ. ಆದರೆ ಈ ಲೆಕ್ಕ ಶುರುವಾಗುವುದು ಪ್ರಯಾಣಿಕರೆಲ್ಲ ಲೈಫ್‌ಜಾಕೆಟ್ ತೊಟ್ಟು ಸೇರಿದ ಬಳಿಕ. ಜನರನ್ನು ಸೇರಿಸುವುದಕ್ಕೆ ಹಿಡಿಯುವ ಸಮಯ ಆ ಅರ್ಧ ಗಂಟೆಯ ಹೊರಗಿದೆ. ಹಡಗು ಕಟ್ಟುವವನ ಕೈಯಲ್ಲಿ ಇಲ್ಲದ, ಸಿಬ್ಬಂದಿಯ ಕೈಯಲ್ಲೂ ಪೂರ್ತಿ ಇಲ್ಲದ ಭಾಗ ಇದೇ. ಪ್ರಯಾಣಿಕನ ಜವಾಬ್ದಾರಿ ಎಂದು ನಾನು ಕರೆಯುವುದು ಮುಖ್ಯವಾಗಿ ಇದನ್ನು.

ಆದ್ದರಿಂದ ಹತ್ತಿದ ದಿನವೇ ಹತ್ತು ನಿಮಿಷ ಎತ್ತಿಡಿ. ಕ್ಯಾಬಿನ್ ಬಾಗಿಲಿನ ಒಳಬದಿಯಲ್ಲಿ ಒಂದು ನಕ್ಷೆ ಇರುತ್ತದೆ. ತುರ್ತು ಹೊತ್ತಿನಲ್ಲಿ ನೀವು ಹೋಗಿ ಸೇರಬೇಕಾದ ಜಾಗ, ಅಂದರೆ ಮಸ್ಟರ್ ಸ್ಟೇಷನ್‌ನ ಗುರುತು ಅದರಲ್ಲೂ ನಿಮ್ಮ ಹಡಗಿನ ಕಾರ್ಡಿನ ಮೇಲೂ ಇರುತ್ತದೆ. ಲಿಫ್ಟ್ ಬಿಟ್ಟು ಮೆಟ್ಟಿಲಲ್ಲೇ ಅಲ್ಲಿಗೆ ಒಮ್ಮೆ ನಡೆದುಹೋಗಿ. ಕ್ಯಾಬಿನ್‌ನಿಂದ ಮೆಟ್ಟಿಲಿನವರೆಗೆ ಎಷ್ಟು ಬಾಗಿಲುಗಳಿವೆ ಎಂದು ಕೈಯಿಂದ ಗೋಡೆ ಸವರುತ್ತಾ ಎಣಿಸಿ, ಏಕೆಂದರೆ ಹೊಗೆ ತುಂಬಿದ ಓಣಿಯಲ್ಲಿ ಕಣ್ಣು ಕೆಲಸಕ್ಕೆ ಬರುವುದಿಲ್ಲ, ಎಣಿಕೆ ಬರುತ್ತದೆ. ನೆಲದಂಚಿನಲ್ಲಿ ಹೊಳೆಯುವ ಪಟ್ಟಿಗಳನ್ನು ಹಾಕಿರುವುದೂ ಬಗ್ಗಿ ಅಥವಾ ತೆವಳಿ ಹೋಗುವವರಿಗಾಗಿಯೇ. ಹಡಗಿನ ಕೊಂಬು ಏಳು ಅಥವಾ ಅದಕ್ಕಿಂತ ಹೆಚ್ಚು ಸಲ ಚಿಕ್ಕದಾಗಿ ಕೂಗಿ, ಬಳಿಕ ಒಂದು ಸಲ ಉದ್ದಕ್ಕೆ ಕೂಗಿದರೆ ಅದು ಸಾರ್ವತ್ರಿಕ ತುರ್ತು ಸಂಕೇತ. ಆಗ ಗಟ್ಟಿ ಪಾದರಕ್ಷೆ, ಬೆಚ್ಚನೆಯ ಒಂದು ಬಟ್ಟೆ, ದಿನಬಳಕೆಯ ಔಷಧಿ ಇಷ್ಟನ್ನೇ ತೆಗೆದುಕೊಂಡು ಹೊರಡಬೇಕು. ಪೆಟ್ಟಿಗೆಯ ಆಸೆ ಬೇಡ.

ಈಗ ಅನೇಕ ಹಡಗುಗಳಲ್ಲಿ ಸುರಕ್ಷತಾ ವಿಡಿಯೊವನ್ನು ಫೋನಿನಲ್ಲಿ ಅಥವಾ ಕ್ಯಾಬಿನ್ ಟಿ.ವಿ.ಯಲ್ಲಿ ನೋಡಿ, ಆಮೇಲೆ ಮಸ್ಟರ್ ಸ್ಟೇಷನ್‌ಗೆ ಹೋಗಿ ಹಾಜರಿ ಹಾಕಿಸಿದರೆ ಸಾಕು. ವಯಸ್ಸಾದವರಿಗೆ ಇದು ನಿಜಕ್ಕೂ ಅನುಕೂಲ. ಆದರೆ ವಿಡಿಯೊವನ್ನು ಅದರ ಪಾಡಿಗೆ ಓಡಲು ಬಿಟ್ಟು ಪೆಟ್ಟಿಗೆಯ ಬಟ್ಟೆ ಜೋಡಿಸುತ್ತಾ ನಿಲ್ಲುವವರನ್ನು, ಹಡಗಿನ ಸುರಕ್ಷತಾ ವಿಭಾಗದಲ್ಲಿದ್ದ ನಾನು ಎಷ್ಟೋ ನೋಡಿದ್ದೇನೆ. ನಿಮ್ಮ ತಾಯಿಯವರ ಮಂಡಿನೋವಿನ ವಿಷಯವನ್ನು ಟಿಕೆಟ್ ಕಾದಿರಿಸುವಾಗಲೂ, ಹಡಗು ಹತ್ತಿದ ಬಳಿಕ ಅತಿಥಿ ಸೇವಾ ಕೌಂಟರಿನಲ್ಲಿ ಮತ್ತೊಮ್ಮೆಯೂ ತಿಳಿಸಿ. ಮೆಟ್ಟಿಲಿಳಿಯಲು ನೆರವು ಬೇಕಾದವರ ಪಟ್ಟಿ ಸಿಬ್ಬಂದಿಯ ಬಳಿ ಇರುತ್ತದೆ, ಆದರೆ ಹೇಳದವರ ಹೆಸರು ಅದರಲ್ಲಿ ಇರುವುದಿಲ್ಲ. ಸಂಕೋಚಪಡುವ ವಿಷಯವೇ ಅಲ್ಲ ಇದು.

ಪ್ರಶ್ನೆ: ಈಜುಕೊಳದ ಪಕ್ಕ ಜಾರಿಬಿದ್ದು ನನ್ನ ಮಣಿಕಟ್ಟು ಮುರಿಯಿತು. ಅಲ್ಲಿ ಎಚ್ಚರಿಕೆಯ ಫಲಕ ಇರಲಿಲ್ಲ. ಹಡಗಿನವರು ನನ್ನ ಅಜಾಗರೂಕತೆಯೇ ಕಾರಣ ಎನ್ನುತ್ತಿದ್ದಾರೆ. ನನಗೆ ಪರಿಹಾರದ ಹಕ್ಕಿಲ್ಲವೇ?

ಉತ್ತರ: ಹಕ್ಕಿದೆ, ಆದರೆ ದಾರಿ ಸಲೀಸಲ್ಲ. ಸಮುದ್ರ ಪ್ರಯಾಣಿಕರ ಪರಿಹಾರಕ್ಕೆ ಸಂಬಂಧಿಸಿದ 1974ರ ಅಥೆನ್ಸ್ ಒಪ್ಪಂದ ಮತ್ತು 2014ರಲ್ಲಿ ಜಾರಿಗೆ ಬಂದ ಅದರ 2002ರ ಪ್ರೋಟೊಕಾಲ್ ಅಪಘಾತಗಳನ್ನು ಎರಡು ಬಗೆಯಾಗಿ ನೋಡುತ್ತವೆ. ಹಡಗು ಮುಳುಗುವುದು, ಡಿಕ್ಕಿ, ಬೆಂಕಿ, ಸ್ಫೋಟ, ಹಡಗಿನದೇ ದೋಷ ಇಂಥವುಗಳಲ್ಲಿ ಪ್ರಯಾಣಿಕ ಹಡಗಿನವರ ತಪ್ಪನ್ನು ಸಾಬೀತು ಮಾಡಬೇಕಿಲ್ಲ. ಕೆಲವೇ ಅಪವಾದಗಳನ್ನು ಬಿಟ್ಟರೆ ಒಬ್ಬರಿಗೆ 2,50,000 ಎಸ್‌ಡಿಆರ್‌ವರೆಗೆ ಕಂಪನಿಯೇ ಹೊಣೆ. ಎಸ್‌ಡಿಆರ್ ಎಂಬುದು ಅಂತಾರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಮಾನ. ಆದರೆ ಜಾರಿಬೀಳುವಂಥ ಘಟನೆಯಲ್ಲಿ ಹಡಗಿನವರ ನಿರ್ಲಕ್ಷ್ಯವನ್ನು ತೋರಿಸಿಕೊಡುವ ಹೊರೆ ಪ್ರಯಾಣಿಕನ ಮೇಲಿದೆ. ಗಾಯಕ್ಕೆ ಪ್ರಯಾಣಿಕನ ತಪ್ಪೂ ಕಾರಣವಾಗಿದ್ದರೆ ನ್ಯಾಯಾಲಯ ಪರಿಹಾರವನ್ನು ಆ ಮಟ್ಟಿಗೆ ತಗ್ಗಿಸಬಹುದು. ಹಡಗಿನವರು ಮೊದಲ ದಿನವೇ "ನಿಮ್ಮ ಅಜಾಗರೂಕತೆ" ಎನ್ನುವುದರ ಹಿಂದೆ ಇರುವ ಲೆಕ್ಕಾಚಾರ ಇದು. ಅದನ್ನು ತೀರ್ಪೆಂದು ತಿಳಿಯಬೇಡಿ.

ನೀವು ಯಾವ ಕಾನೂನಿನಡಿ ಬರುತ್ತೀರಿ ಎಂಬುದು ಪ್ರಯಾಣದ ಮಾರ್ಗ, ಹಡಗಿನ ಧ್ವಜ (ಅಂದರೆ ಅದು ನೋಂದಣಿಯಾದ ದೇಶ), ಟಿಕೆಟ್‌ನ ಒಪ್ಪಂದ ಇವುಗಳ ಮೇಲೆ ನಿಂತಿದೆ. ಅಥೆನ್ಸ್ ಒಪ್ಪಂದದಡಿ ಮೊಕದ್ದಮೆ ಹೂಡಲು ಸಾಮಾನ್ಯವಾಗಿ ಎರಡು ವರ್ಷಗಳ ಕಾಲಾವಕಾಶವಿದೆ. ಅಮೆರಿಕದ ಬಂದರುಗಳಿಂದ ಹೊರಡುವ ಹಡಗುಗಳ ಟಿಕೆಟ್‌ಗಳಲ್ಲಾದರೆ ಆರು ತಿಂಗಳೊಳಗೆ ಲಿಖಿತ ಸೂಚನೆ, ಒಂದು ವರ್ಷದೊಳಗೆ ಮೊಕದ್ದಮೆ, ಅದೂ ಕಂಪನಿ ಹೆಸರಿಸಿದ ನ್ಯಾಯಾಲಯದಲ್ಲಿ ಮಾತ್ರ, ಎಂಬ ಷರತ್ತುಗಳು ಸಾಮಾನ್ಯ. ಪ್ರಯಾಣಕ್ಕೆ ಮುಂಚೆ ಯಾರೂ ಓದದ ಆ ಸಣ್ಣಕ್ಷರದ ಪುಟಗಳನ್ನು ಈಗಲಾದರೂ ಓದಿ, ಸಾಗರ ಕಾನೂನು ಬಲ್ಲ ವಕೀಲರನ್ನು ಬೇಗ ಕಾಣಿ. ಹಡಗಿನ ಚಿಕಿತ್ಸಾಲಯದ ದಾಖಲೆ, ಘಟನಾ ವರದಿಯ ಪ್ರತಿ, ಒದ್ದೆ ನೆಲದ ಚಿತ್ರ, ಪಕ್ಕದಲ್ಲಿದ್ದವರ ಹೆಸರು ಇವೆಲ್ಲ ನಿಮ್ಮ ಬಳಿ ಇವೆಯೇ? ಹಡಗಿನ ಕ್ಯಾಮೆರಾದ ದೃಶ್ಯಗಳು ಅಳಿಸಿಹೋಗುವ ಮೊದಲೇ ಅವುಗಳನ್ನು ಕಾಪಾಡಿಡುವಂತೆ ಬರವಣಿಗೆಯಲ್ಲಿ ಕೇಳಿ. ಇನ್ನೊಂದು ಮಾತನ್ನೂ ಹೇಳಬೇಕು: ನೀವು ಓಡುತ್ತಿದ್ದಿರೇ, ಕುಡಿದಿದ್ದಿರೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ನಿಮ್ಮ ವಕೀಲರಿಗೆ ನಿಜವನ್ನೇ ಹೇಳಿ.

ಪ್ರಶ್ನೆ: ಬಾಲ್ಕನಿ ಇರುವ ಕ್ಯಾಬಿನ್ ತೆಗೆದುಕೊಂಡಿದ್ದೇವೆ. ಐದು ವರ್ಷದ ಮಗನಿದ್ದಾನೆ. ಬಾಲ್ಕನಿ ಅಪಾಯವೇ?

ಉತ್ತರ: ರೇಲಿಂಗ್ ಅಪಾಯವಲ್ಲ, ರೇಲಿಂಗ್ ಪಕ್ಕದ ಕುರ್ಚಿ ಅಪಾಯ. ಅಮೆರಿಕದ ಬಂದರುಗಳನ್ನು ಬಳಸುವ ದೊಡ್ಡ ಹಡಗುಗಳಿಗೆ 2010ರ ಅಲ್ಲಿನ ಕಾನೂನು 42 ಅಂಗುಲ ಎತ್ತರದ ರೇಲಿಂಗ್ ವಿಧಿಸುತ್ತದೆ. ನೆಲದ ಮೇಲೆ ಕಾಲೂರಿ ನಿಂತವನು ಅದನ್ನು ದಾಟಿ ಬೀಳುವುದು ಕಷ್ಟ. ಮೇಲೆ ಹತ್ತಿದವನು, ಕೂತವನು, ಕುಡಿದು ಬಾಗಿದವನು ಬೀಳುತ್ತಾನೆ. ಕುರ್ಚಿ ಮೇಜುಗಳನ್ನು ಒಳಗೆ ತೆಗೆದಿಡಿಸಿ. ಬಾಲ್ಕನಿ ಬಾಗಿಲಿನ ಮೇಲಿನ ಅಗುಳಿಯನ್ನು ಸದಾ ಹಾಕಿಡಿ, ಮಗುವನ್ನು ಅಲ್ಲಿ ಒಂಟಿಯಾಗಿ ಬಿಡಬೇಡಿ. ಮಕ್ಕಳ ಅಳತೆಯ ಲೈಫ್‌ಜಾಕೆಟ್ ಇದೆಯೇ ಎಂದು ಮೊದಲ ದಿನವೇ ಕ್ಯಾಬಿನ್ ಸಿಬ್ಬಂದಿಯನ್ನು ಕೇಳಿ.

ಯಾರಾದರೂ ನೀರಿಗೆ ಬಿದ್ದದ್ದು ಕಂಡರೆ ತೇಲುವ ವಸ್ತು ಏನೇ ಸಿಕ್ಕರೂ ಎಸೆಯಿರಿ, ಕೂಗಿ, ಮತ್ತು ಬಿದ್ದವರ ಕಡೆಗೆ ಬೆರಳು ತೋರಿಸುತ್ತಾ ಕಣ್ಣು ಕೀಳದೆ ನಿಲ್ಲಿ. ಫೋನ್ ಮಾಡುವ ಕೆಲಸ ಇನ್ನೊಬ್ಬರದು. ಗಂಟೆಗೆ 20 ನಾಟಿಕಲ್ ಮೈಲಿ ವೇಗದ ಹಡಗು ಒಂದೇ ನಿಮಿಷದಲ್ಲಿ 600 ಮೀಟರಿಗೂ ಮುಂದೆ ಹೋಗಿರುತ್ತದೆ. ಅಲೆಗಳ ನಡುವೆ ಒಂದು ತಲೆಯನ್ನು ಮತ್ತೆ ಹುಡುಕುವುದು ಬಹಳ ಕಷ್ಟ.

ಬಾಲ್ಕನಿಯಲ್ಲಿ ಸಿಗರೇಟು ಸೇದುವವರು ನಿಮ್ಮ ಬಳಗದಲ್ಲಿದ್ದರೆ ಅವರಿಗೂ ಒಂದು ಮಾತು. 2006ರ ಮಾರ್ಚ್‌ನಲ್ಲಿ ಸ್ಟಾರ್ ಪ್ರಿನ್ಸೆಸ್ ಹಡಗು ಜಮೈಕಾದತ್ತ ಸಾಗುತ್ತಿದ್ದಾಗ ಬಾಲ್ಕನಿಯೊಂದರಲ್ಲಿ ಬೆಂಕಿ ಹೊತ್ತಿತು. ಎಸೆದ ಸಿಗರೇಟಿನ ತುಂಡೇ ಕಾರಣವಿರಬೇಕೆಂದು ತನಿಖೆ ಹೇಳಿತು. ಬೆಂಕಿ ಡೆಕ್‌ನಿಂದ ಡೆಕ್‌ಗೆ ಏರಿತು, ಒಬ್ಬ ಪ್ರಯಾಣಿಕ ಸತ್ತರು. ಬಾಲ್ಕನಿಗಳಲ್ಲಿ ಸುಲಭವಾಗಿ ಉರಿಯದ ಸಾಮಗ್ರಿ ಬಳಸಬೇಕು ಇಲ್ಲವೇ ನೀರು ಚಿಮುಕಿಸುವ ವ್ಯವಸ್ಥೆ ಇರಬೇಕು ಎಂಬ ನಿಯಮ ಜಾರಿಯಾದದ್ದು ಆಮೇಲೆ, 2008ರಲ್ಲಿ.

ಪ್ರಶ್ನೆ: ಹಡಗಿನಲ್ಲಿ ವಾಂತಿಭೇದಿ ಬೇಗ ಹರಡುತ್ತದಂತೆ. ಸ್ಯಾನಿಟೈಸರ್ ಒಯ್ದರೆ ಸಾಕೇ?

ಉತ್ತರ: ಸಾಲದು. ಹಡಗಿನ ವಾಂತಿಭೇದಿಗೆ ಹೆಚ್ಚಾಗಿ ಕಾರಣವಾಗುವ ನೋರೊವೈರಸ್‌ ಮೇಲೆ ಆಲ್ಕೋಹಾಲ್ ಸ್ಯಾನಿಟೈಸರ್ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಸೋಪು ಮತ್ತು ಹರಿಯುವ ನೀರಿನಲ್ಲಿ 20 ಸೆಕೆಂಡು ಕೈ ತೊಳೆಯಬೇಕು. ವಾಂತಿ ಶುರುವಾದರೆ ಕ್ಯಾಬಿನ್‌ನಿಂದಲೇ ಚಿಕಿತ್ಸಾಲಯಕ್ಕೆ ಫೋನ್ ಮಾಡಿ. ಪ್ರತ್ಯೇಕವಾಗಿ ಇರಿಸಿಬಿಡುತ್ತಾರೆಂಬ ಭಯದಿಂದ ರೋಗ ಮುಚ್ಚಿಟ್ಟು ಊಟದ ಸಾಲಿನಲ್ಲಿ ಸೌಟು ಹಿಡಿಯುವವರ ಮೇಲೆ ನನಗೆ ಕನಿಕರವಿಲ್ಲ.

ಪ್ರಶ್ನೆ: ಬಂದರಿನಲ್ಲಿ ಇಳಿದು ನಾವೇ ಸುತ್ತಾಡಿ ಬರಲು ತಡವಾದರೆ ಹಡಗು ಕಾಯುತ್ತದೆಯೇ?

ಉತ್ತರ: ಹಡಗಿನವರೇ ಏರ್ಪಡಿಸಿದ ಪ್ರವಾಸ ತಡವಾದರೆ ಸಾಮಾನ್ಯವಾಗಿ ಕಾಯುತ್ತದೆ ಅಥವಾ ಮುಂದಿನ ಬಂದರಿಗೆ ಅವರೇ ತಲುಪಿಸುತ್ತಾರೆ. ನೀವಾಗಿ ಹೋದರೆ ಕಾಯುವುದಿಲ್ಲ, ಮುಂದಿನ ಬಂದರಿನವರೆಗಿನ ಖರ್ಚು ನಿಮ್ಮದೇ. ಹಡಗಿನ ಗಡಿಯಾರವೂ ದಡದ ಗಡಿಯಾರವೂ ಒಮ್ಮೊಮ್ಮೆ ಬೇರೆಬೇರೆ ಇರುತ್ತವೆ. ಫೋನು ತಾನಾಗಿ ದಡದ ಸಮಯಕ್ಕೆ ಬದಲಾಗಿಬಿಡುತ್ತದೆ. ಆದ್ದರಿಂದ ಕೈಗಡಿಯಾರವನ್ನು ಹಡಗಿನ ಸಮಯಕ್ಕೇ ಬಿಡಿ. ಯಾರಾದರೂ ಬಾರದೆ ಉಳಿದರೆ, ಹಡಗು ಹೊರಡುವ ಮೊದಲು ಅವರ ಕ್ಯಾಬಿನ್‌ನಲ್ಲಿ ಪಾಸ್‌ಪೋರ್ಟ್ ಹುಡುಕಿ ಆ ಬಂದರಿನಲ್ಲಿರುವ ತಮ್ಮ ಕಂಪನಿಯ ಏಜೆಂಟರ ಕೈಗೆ ಕೊಟ್ಟುಹೋಗುವ ರೂಢಿ ಅನೇಕ ಹಡಗುಗಳಲ್ಲಿದೆ. ಆ ಏಜೆಂಟರ ದೂರವಾಣಿ ಸಂಖ್ಯೆ ಪ್ರತಿದಿನ ಹಂಚುವ ಕಾರ್ಯಕ್ರಮ ಪಟ್ಟಿಯಲ್ಲಿ ಅಚ್ಚಾಗಿರುತ್ತದೆ. ಇಳಿಯುವ ಮೊದಲು ಅದನ್ನು ಒಂದು ಚೀಟಿಯಲ್ಲಿ ಬರೆದು ಜೇಬಿಗೆ ಹಾಕಿಕೊಳ್ಳಿ.