ಧ್ಯಾನಕೂಟ ಮುಗಿಸಿ ಮನೆಗೆ ಬಂದ ಮೇಲೆ

ಧ್ಯಾನಕೂಟ ಅಂದರೆ ಕ್ರೈಸ್ತರು ಕೆಲವು ದಿನ ಮನೆ ಬಿಟ್ಟು ಪ್ರಾರ್ಥನೆಯಲ್ಲಿ ಕಳೆಯುವ ಶಿಬಿರ. ಅಲ್ಲಿಗೆ ಹೋಗಿ ಬಂದವರು ಕೆಲವೇ ದಿನಗಳಲ್ಲಿ ಮನಸ್ಸಿನ ಕಷ್ಟ ಹೇಳಿಕೊಳ್ಳಲು ನನ್ನ ಹತ್ತಿರ ಬರುವುದು ಈಚೆಗೆ ಜಾಸ್ತಿಯಾಗಿದೆ. ಎಲ್ಲರ ಮಾತೂ ಹೆಚ್ಚುಕಡಿಮೆ ಒಂದೇ: "ಅಲ್ಲಿದ್ದಾಗ ಮನಸ್ಸು ತಣ್ಣಗಿತ್ತು. ಮನೆಗೆ ಬಂದ ಕೂಡಲೇ ಅದೇ ಸಿಟ್ಟು. ನನ್ನ ವಿಶ್ವಾಸವೇ ಕಡಿಮೆಯಾ?" ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಸಿದ್ದಾಪುರದ ಕಡೆಯ ಮಹಿಳೆ. ಸಣ್ಣ ಕಾಫಿ ತೋಟ, ಹಾಸಿಗೆ ಹಿಡಿದ ಅತ್ತೆ. ಒಂದೇ ವರ್ಷದಲ್ಲಿ ನಾಲ್ಕು ಧ್ಯಾನಕೂಟ ಮುಗಿಸಿದ್ದರು.

ಅದು ಕಾಫಿ ಕುಯ್ಲಿನ ಸಮಯ. ಅಲ್ಲಿ ಏನು ಹಿಡಿಸಿತು ಅಂತ ಕೇಳಿದೆ. ಪ್ರವಚನ, ಆರಾಧನೆ, ಪಾಪನಿವೇದನೆ (ಗುರುಗಳ ಮುಂದೆ ಪಾಪ ಒಪ್ಪಿಕೊಳ್ಳುವುದು) ಅಂದರು. ಅಷ್ಟರಲ್ಲಿ ಗಂಡನ ಫೋನ್. ಮೋಡ ಆಗಿದೆ, ಕಣದ ಟಾರ್ಪಾಲ್ ಎಲ್ಲಿ? ಹೇಳಿ ಇಟ್ಟರು. ಮತ್ತೆ ಫೋನ್. ಅಮ್ಮನ ಮಧ್ಯಾಹ್ನದ ಮಾತ್ರೆ ಯಾವುದು? ಬಿಳಿಯದು, ಅರ್ಧ, ಊಟ ಆದ ಮೇಲೆ. ಫೋನನ್ನು ಬ್ಯಾಗಿಗೆ ಹಾಕಿ ಜಿಪ್ ಎಳೆದರು.

"ಅಲ್ಲಿ ಮೂರು ದಿನ ನನ್ನನ್ನು ಯಾರೂ ಕೂಗಲ್ಲ ಮೇಡಂ."

ಅಂದವರೇ ಅತ್ತುಬಿಟ್ಟರು. "ದೇವರಿಗೋಸ್ಕರ ಹೋಗ್ತೀನಿ ಅಂದ್ಕೊಂಡಿದ್ದೆ. ಬರೀ ರೆಸ್ಟಿಗೆ ಹೋಗ್ತಿದ್ನಾ ಹಾಗಾದ್ರೆ?"

ಎರಡಕ್ಕೂ ಹೋಗಿದ್ದೀರಿ, ಅದರಲ್ಲಿ ತಪ್ಪೇನಿಲ್ಲ ಅಂದೆ. ಬೈಬಲಿನ ಪ್ರವಾದಿ ಎಲೀಯನ ಕಥೆ ನೆನಪಿಸಿದೆ. ಸಾಕು, ಪ್ರಾಣ ತೆಗೆದುಕೋ ಅಂತ ಗಿಡದಡಿ ಮಲಗಿದವನಿಗೆ ದೇವದೂತ ಬುದ್ಧಿ ಹೇಳಲಿಲ್ಲ. ಎಬ್ಬಿಸಿ ರೊಟ್ಟಿ, ನೀರು ಕೊಟ್ಟ. ಎಲೀಯ ತಿಂದು ಮತ್ತೆ ಮಲಗಿದ. ಹೋರೇಬ್ ಬೆಟ್ಟಕ್ಕೆ ಹೋದದ್ದು, ಅಲ್ಲಿ ದೇವರ ಮೆಲುದನಿ ಕೇಳಿದ್ದು ಎಲ್ಲ ಆಮೇಲಿನದು. ಯೇಸುವೂ ದಣಿದ ಶಿಷ್ಯರನ್ನು ಜನರಿಲ್ಲದ ಕಡೆಗೆ ಕರೆದದ್ದು ದಣಿವಾರಿಸಿಕೊಳ್ಳಲೆಂದೇ ಅಲ್ವಾ? ಆಕೆ ಇಷ್ಟು ದಿನ ತಮ್ಮ ದಣಿವನ್ನೇ ಪಾಪ ಅಂತ ಒಪ್ಪಿಸುತ್ತಿದ್ದರು.

ನಾನು ಜನರನ್ನು ಧ್ಯಾನಕೂಟದಿಂದ ದೂರ ಮಾಡುತ್ತೇನೆ ಅಂತ ಕೆಲವರಿಗೆ ಬೇಸರವಿದೆ. ಹಾಗಲ್ಲ. ಫೋನಿಲ್ಲದೆ, ಮಾತಿಲ್ಲದೆ ಕೂತಾಗ ವರ್ಷಗಟ್ಟಲೆ ಅದುಮಿಟ್ಟ ನೋವು ಮೇಲೆ ಬರುತ್ತದೆ. ಅದನ್ನು ದೇವರ ಮುಂದೆ ಇಡುವ ಧೈರ್ಯವೂ ಬರುತ್ತದೆ. ಹಾಗೆ ಬದುಕು ತಿದ್ದಿಕೊಂಡವರನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ಮನೆಯಲ್ಲಿ ಅದಕ್ಕೆ ಜಾಗವೇ ಇಲ್ಲದಿದ್ದರೆ ಆ ಶಾಂತಿ ಎಷ್ಟು ದಿನ ಉಳಿದೀತು? ಮನೆಯಲ್ಲಿದ್ದೇ ಧ್ಯಾನ ಮಾಡುವುದು ಹೊಸದೇನಲ್ಲ. ಸಂತ ಇಗ್ನೇಷಿಯಸ್ ಲೊಯೋಲ ಹಾಕಿಕೊಟ್ಟ 30 ದಿನಗಳ ಧ್ಯಾನಕ್ರಮಕ್ಕೆ ಪೋಪ್ ಒಪ್ಪಿಗೆ ಕೊಟ್ಟಿದ್ದು 1548ರಲ್ಲಿ. ಕೆಲಸ ಬಿಟ್ಟು ಬರಲಾಗದವರು ದಿನಕ್ಕೆ ಒಂದೂವರೆ ಗಂಟೆಯಂತೆ ಮಾಡಬಹುದು ಅಂತ ಅದರಲ್ಲೇ ಇದೆ.

ಆಕೆಗೆ ಇದನ್ನು ಹೇಳಿದಾಗ "ಒಂದೂವರೆ ಗಂಟೆನಾ!" ಅಂದರು. 20 ನಿಮಿಷ ಸಾಕು ಅಂದೆ. ರಾತ್ರಿ ಫೋನ್ ಗಂಡನ ಕೈಗೆ ಕೊಟ್ಟು ಸುಮ್ನೆ ಕೂರಬೇಕು. ಬೆಳಿಗ್ಗೆಯಿಂದ ಯಾವುದು ಖುಷಿ ಕೊಟ್ಟಿತು, ಎಲ್ಲಿ ಸಿಟ್ಟು ಬಂತು, ದೇವರ ಹತ್ತಿರ ಹೇಳಬೇಕು. ನಿದ್ದೆ ಸರಿಯಿಲ್ಲ ಅಂದದ್ದಕ್ಕೆ ಡಾಕ್ಟರಿಗೂ ತೋರಿಸಲು ಹೇಳಿದೆ. ಪ್ರಾರ್ಥನೆ ಇದೆ ಅಂತ ಮಾತ್ರೆ ಬಿಡುವವರನ್ನು ನೋಡಿ ನೊಂದಿದ್ದೇನೆ. ಮುಂದಿನ ಸಲ ಗಂಡನನ್ನೂ ಕರೆತನ್ನಿ ಅಂದೆ.

ಗಂಡ ಬಂದರು. ಅಮ್ಮನ ಮಾತ್ರೆಗಳ ಹೆಸರು, ಹೊತ್ತು ಎಲ್ಲ ಚೀಟಿಯಲ್ಲಿ ಬರೆದುಕೊಂಡರು. ತಪಸ್ಸುಕಾಲದ (ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ದಿನಗಳ) ಧ್ಯಾನಕೂಟಕ್ಕೆ ಆಕೆ ಮತ್ತೆ ಹೆಸರು ಕೊಟ್ಟಿದ್ದಾರೆ. ಆ ಮೂರು ದಿನ ಅತ್ತೆಯ ಹತ್ತಿರ ಯಾರಿರಬೇಕು ಅನ್ನುವ ಮಾತು ಮನೆಯಲ್ಲಿ ಇನ್ನೂ ಮುಗಿದಿಲ್ಲ.